ಸುಣ್ಣಗಟ್ಟಿದ ಗಾಜು

ಬಕೆಟ್ಟು, ಸ್ಪಂಜು, ಹರಿದ ಬನಿಯನ್ನಿನ ಚಿಂದಿ ಎಲ್ಲ ಹಿಡಿದುಕೊಂಡೇ ಬಂದಿದ್ದರೂ ಅನ್ವರ್ ಬಚ್ಚಲುಮನೆಯ ಹೊಸ್ತಿಲಿನ ಈಚೆಗೇ ನಿಂತುಬಿಟ್ಟಿದ್ದ. ಎದುರಿಗೆ ಗಾಜು. ಆಳೆತ್ತರಕ್ಕೂ ಮೀರಿ ನಿಂತು ಕೋಣೆಯನ್ನು ಎರಡು ಪಾಲು ಮಾಡಿದ್ದ ಆ ಗಾಜಿನ ಒಳಮೈಯೆಲ್ಲ ಬೋರ್ ನೀರಿನ ಸುಣ್ಣ ಕಟ್ಟಿ ಬೆಳ್ಳಗೆ ಬಿರುಸಾಗಿತ್ತು. ಗವಾಕ್ಷಿಯಿಂದ ಇಳಿದ ಹತ್ತು ಗಂಟೆಯ ಬೆಳಕು ಅದನ್ನು ದಾಟಲಾರದೆ ಅಲ್ಲೇ ಕೂತಿತ್ತು. ಮೇಲಿಂದ ಕೆಳಕ್ಕೆ ಹರಿದು ಒಣಗಿದ ಗೆರೆಗಳು, ಗೆರೆಗಳ ನಡುವೆ ಚಿಬ್ಬಿನಂಥ ಕಲೆಗಳು. ಬಹಳ ದಿನದಿಂದ ಮಲಗಿದ ರೋಗಿಯ ಚರ್ಮದ ಹಾಗೆ. ಮೂವತ್ತೊಂಬತ್ತು ದಿನದಿಂದ ಈ ಶವರಿನಡಿ ಯಾರೂ ನಿಂತಿರಲಿಲ್ಲ. ಮನೆಯವರೆಲ್ಲ ಹಿತ್ತಲಿನ ಹಂಡೆಯ ಬಚ್ಚಲಿಗೇ ಹೋಗುತ್ತಿದ್ದರು. ಇಲ್ಲಿಗೆ ಬರಲು ಅವರಿಗೆ ದುಃಖ ಅಡ್ಡ ಬರುತ್ತಿತ್ತು. ತನಗೆ ಅಡ್ಡ ಬರುತ್ತಿದ್ದುದು ದುಃಖವಲ್ಲ ಎಂಬುದು ಅವನೊಬ್ಬನಿಗೇ ಗೊತ್ತಿತ್ತು.

"ನಿಂತ್ಕೊಂಡು ನೋಡಿದ್ರೆ ಹೋಗಲ್ಲ ಅದು," ಎಂದಳು ಅತ್ತೆ ಜಹೀರಾ ಬೀ, ಪಕ್ಕದ ಕೋಣೆಯ ಮಂಚದ ಮೇಲಿಂದ. ಗಂಡ ಸತ್ತ ಮೇಲೆ ಇದ್ದತ್ತಿಗೆ ಕೂತವಳು. ನಾಲ್ಕು ತಿಂಗಳು ಹತ್ತು ದಿನ ಮನೆಯ ಹೊರಗೆ ಕಾಲಿಡುವಂತಿರಲಿಲ್ಲ. ಹೊರಗೆ ಹೋಗಲಾರದ ಅವಳ ಕಣ್ಣೆಲ್ಲ ಈಗ ಮನೆಯೊಳಗೇ ಓಡಾಡುತ್ತಿತ್ತು. "ನಾಳೆ ಚಾಲೀಸ್ವಾ, ನಲವತ್ತನೇ ದಿನ. ಶಿವಾಜಿನಗರದೋರು ಬರ್ತಾರೆ, ಕೋಲಾರದೋರು ಬರ್ತಾರೆ. ನಮಾಜಿಗೆ ಮುಂಚೆ ಕೈಕಾಲು ತೊಳ್ದು ವಜೂ ಮಾಡೋಕೆ ಇಲ್ಲಿಗೇ ಬರೋದು. ಗಾಜಿನ ವ್ಯಾಪಾರಿ ಮನೇಲಿ ಗಾಜು ಹಿಂಗಿದ್ರೆ ಏನಂತಾರೆ? ನೀನು ಕೆಮಿಸ್ಟ್ರಿ ಓದಿದೋನಲ್ವ. ಓದಿದ್ದು ಒಂದು ದಿನಕ್ಕಾದ್ರೂ ಉಪಯೋಗಕ್ಕೆ ಬರ್ಲಿ."

ಅವಳು ಅವನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದಳು. ಮಗಳೊಡನೆ, ನೆಂಟರೊಡನೆ, ನಮಾಜಿನ ಹೊತ್ತು ತಿಳಿಸಲು ಬರುವ ಪಕ್ಕದ ಮನೆಯವಳೊಡನೆ ಎಲ್ಲ ದಖನಿ ಉರ್ದು. ಹಾಲಿನವನಿಗೆ, ಸೊಪ್ಪಿನವಳಿಗೆ ಮತ್ತು ಅಳಿಯನಿಗೆ ಕನ್ನಡ. ಯಲಹಂಕದ ಕಡೆಯ ಸಿಂಗಾಪುರವೆಂಬ ಹಳ್ಳಿಯಲ್ಲಿ ಬೆಳೆದ ಅವನ ದಖನಿ ಅವಳ ಕಿವಿಗೆ ಒರಟಾಗಿತ್ತು. ಮದುವೆಯಾದ ವಾರದಲ್ಲಿ ಒಮ್ಮೆ ಅವನ ಬಾಯಿಂದ ಬಂದ ಯಾವುದೋ ಮಾತಿಗೆ ನಕ್ಕು ಕನ್ನಡಕ್ಕೆ ತಿರುಗಿದವಳು ಮತ್ತೆ ಹಿಂದೆ ಹೋಗಿರಲಿಲ್ಲ. ನಾಲ್ಕು ವರ್ಷವಾಗಿತ್ತು. ಸೋಪಿನ ಫ್ಯಾಕ್ಟರಿಯ ಲ್ಯಾಬಿನಲ್ಲಿದ್ದ ಕೆಲಸ ಹೋಗಿ, ಹೆಂಡತಿಯ ತವರಿಗೇ ಬಂದು ಸೇರಿ, ಮಾವನ ಗಾಜಿನ ಅಂಗಡಿಯಲ್ಲಿ ಬಿಲ್ಲು ಬರೆಯುತ್ತ ಕೂತು ಎರಡು ವರ್ಷ.

ಅವನು ಒಳಗೆ ಬಂದ. ಗಾಜಿನ ಈಚೆಗೆ, ವಾಷ್‌ಬೇಸಿನ್ನಿನ ಪಕ್ಕದಲ್ಲಿ, ಆ ಮರದ ಸ್ಟೂಲು ಇನ್ನೂ ಅಲ್ಲೇ ಇತ್ತು. ಅದನ್ನು ಅವನು ಕಾಲಿನಿಂದ ಗೋಡೆಗೆ ತಳ್ಳಿದ. "ಗಾಜೆಲ್ಲ ಸುಣ್ಣ, ಏನೂ ಕಾಣ್ತಿರಲಿಲ್ಲ, ನೀರಿನ ಸದ್ದಲ್ಲಿ ಏನೂ ಕೇಳಿಸ್ಲಿಲ್ಲ." ಮಾವ ಈ ಗಾಜಿನಾಚೆ ಸತ್ತ ದಿನದಿಂದ ಈ ಮಾತನ್ನು ಅವನು ಮೊದಲು ಹೆಂಡತಿ ಕುಬ್ರಾಳಿಗೆ, ಆಮೇಲೆ ಡಾಕ್ಟರಿಗೆ, ಆಮೇಲೆ ಶಿವಾಜಿನಗರದ ಚಿಕ್ಕಪ್ಪಂದಿರಿಗೆ, ಮಸೀದಿಯ ಮೌಲ್ವಿಗೆ, ಹೀಗೆ ಎಷ್ಟು ಸಲ ಹೇಳಿದ್ದನೆಂದರೆ ಹೇಳುವಾಗ ದನಿ ತಾನಾಗಿ ತಗ್ಗುವುದನ್ನೂ ಕಲಿತಿತ್ತು. ಡಾಕ್ಟರು, "ಹಾರ್ಟು. ಆನ್ ದಿ ಸ್ಪಾಟ್. ಅವರಿಗೆ ಗೊತ್ತೇ ಆಗಿರಲ್ಲ" ಎಂದಿದ್ದ. ಕುಬ್ರಾ ಆ ಮಾತನ್ನು ಹಿಡಿದುಕೊಂಡು ಬದುಕಿದಳು. ರಾತ್ರಿ ಮಲಗುವಾಗ ಅವನ ಎದೆಯ ಮೇಲೆ ಅಂಗೈಯಿಟ್ಟು, "ಅಬ್ಬಾಗೆ ಗೊತ್ತೇ ಆಗ್ಲಿಲ್ಲ ಅಲ್ವ, ನೀವಾದ್ರೂ ಪಕ್ಕದಲ್ಲಿದ್ರಿ" ಎನ್ನುವಳು. ಈ ಮನೆಯಲ್ಲಿ ಅವನಿಗಿದ್ದುದು ಆ ಒಂದು ಅಂಗೈ. ಸುಳ್ಳೆಂದು ತಿಳಿದ ದಿನ ಅವಳು ಅಳುವುದಿಲ್ಲ, ಕೂಗುವುದಿಲ್ಲ, ಹಾಸಿಗೆ ಸುತ್ತಿಕೊಂಡು ತಾಯಿಯ ಕೋಣೆಗೆ ಹೋಗುತ್ತಾಳೆ, ಅಷ್ಟೆ. ಇದನ್ನು ಅವನು ಕಣ್ಣಾರೆ ಕಂಡಷ್ಟು ಸ್ಪಷ್ಟವಾಗಿ ಬಲ್ಲ.

ಸ್ಟೂಲಿನ ಕೆಲಸ ಶುರುವಾದದ್ದು ಮಾವ ಮೊಯಿನುದ್ದೀನ್ ಸಾಹೇಬರಿಗೆ ಒಮ್ಮೆ ಅಂಗಡಿಯಲ್ಲಿ ತಲೆ ಸುತ್ತಿದ ಮೇಲೆ. ಸ್ನಾನದ ಹೊತ್ತಿನಲ್ಲಿ ಯಾರಾದರೂ ಹತ್ತಿರ ಇರಬೇಕು ಎಂದ ಡಾಕ್ಟರು. ಯಾರಾದರೂ ಎಂದರೆ ಅನ್ವರ್ ಎಂದು ಯಾರೂ ಹೇಳದೆಯೇ ಆಯಿತು. ದಿನಾ ಬೆಳಗ್ಗೆ ಏಳಕ್ಕೆ ಮಡಿಲಲ್ಲಿ ಟವಲು ಇಟ್ಟುಕೊಂಡು ಅವನು ಗಾಜಿನ ಈಚೆ ಕೂರುವುದು, ಆಚೆ ಲುಂಗಿಯುಟ್ಟ ದಪ್ಪ ನೆರಳು ಶವರನ್ನು ಪೂರ್ತಿ ಬಿಟ್ಟು ನಿಲ್ಲುವುದು. ಮುಗಿದ ಮೇಲೆ ಬೆರಳಿನ ಅಕೀಕ್ ಕಲ್ಲಿನ ಉಂಗುರದಿಂದ ಗಾಜಿಗೆ ಎರಡು ಸಲ ಟಕ್ ಟಕ್. ಆಗ ಎದ್ದು ಟವಲು ಕೊಡಬೇಕು. ತಡವಾದರೆ, "ಏ ಬಿಎಸ್ಸಿ, ನಿದ್ದೆಯೇನೋ." ಅಂಗಡಿಯಲ್ಲೂ ಅದೇ ಹೆಸರು. ಯಲಹಂಕದಿಂದ ಬಂದ ಗಿರಾಕಿಯೊಬ್ಬನಿಗೆ, "ಇವ್ನು ನಮ್ಮನೆ ಬಿಎಸ್ಸಿ. ಗಾಜು ಕತ್ತರಿಸೋಕೆ ಬರಲ್ಲ, ಒಡೆಯೋದು ಮಾತ್ರ ಫಸ್ಟ್ ಕ್ಲಾಸು" ಎಂದು ತೋರಿಸಿಕೊಟ್ಟದ್ದು ಸಾಯುವ ಹಿಂದಿನ ಸಂಜೆ. ಗಿರಾಕಿ ನಕ್ಕಿದ್ದ. ಅನ್ವರನೂ ನಕ್ಕಿದ್ದ, ತಾನು ನಕ್ಕದ್ದನ್ನು ನೆನೆಯುತ್ತ ಇಡೀ ರಾತ್ರಿ ಮಗ್ಗುಲು ಬದಲಿಸಿದ್ದ. ಬೆಳಗ್ಗೆ ಟವಲು ತಂದಾಗ ಮಾವ ಅದನ್ನು ಮೂಸಿ ನೋಡಿ, "ಇದು ನೀನು ಒರೆಸ್ಕೊಂಡಿದ್ದು, ಬೇರೆ ತಾ" ಎಂದಿದ್ದರು. ಅದು ಆಗತಾನೆ ಒಗೆದ ಟವಲು.

ಈಗ ಬಾಗಿ ಬಕೆಟ್ಟು ಇಡುವಾಗ ಅವನಿಗೆ ಅದು ಕಂಡಿತು. ಗಾಜಿನ ಬಾಗಿಲು ತೆರೆದು ಒಳಗೆ ಹೋಗಿದ್ದ. ಒಳಮೈ ಹತ್ತಿರದಿಂದ ನೋಡಿದ್ದು ಇದೇ ಮೊದಲು. ಮುಖದ ಎತ್ತರದಲ್ಲಿ ಸುಣ್ಣದ ಪದರ ಅಲ್ಲಲ್ಲಿ ಚಕ್ಕೆ ಹಾರಿ ಕಡಲೆಕಾಳಿನಷ್ಟು ಗಾಜು ಕಾಣುತ್ತಿತ್ತು, ಅದರ ಮೇಲೂ ಮತ್ತೆ ತೆಳ್ಳಗೆ ಸುಣ್ಣ ಕೂತು ಮಸುಕಾಗಿತ್ತು; ದಿನದಿನದ ಟಕ್ ಟಕ್‌ನ ಗುರುತು. ಆದರೆ ಕೆಳಗೆ, ಮೊಣಕಾಲಿಗಿಂತ ಕೆಳಗೆ, ನೆಲದಿಂದ ಒಂದೂವರೆ ಗೇಣು ಮೇಲೆ, ಅದೇ ಚಕ್ಕೆಗಳು, ಒತ್ತೊತ್ತಾಗಿ, ಒಂದರ ಮೇಲೊಂದು, ಒಂದು ಕಡೆ ಅಂಗೈಯಗಲ ಸುಣ್ಣವೇ ಇಲ್ಲದ ಹಾಗೆ. ಅವುಗಳ ಮೇಲೆ ಮತ್ತೆ ನೀರು ಬಿದ್ದಿರಲಿಲ್ಲವಾದ್ದರಿಂದ ಅಂಚು ಚೂಪಾಗಿತ್ತು, ನಿನ್ನೆ ಕೊರೆದ ಹಾಗೆ. ಅಲ್ಲಿಂದ ಆಚೆಗೆ ಸ್ಟೂಲಿನ ಕಾಲು ಕಾಣುತ್ತಿತ್ತು. ಅನ್ವರನಿಗೆ ಮೊದಲು ಬಂದದ್ದು ಭಯವೂ ಅಲ್ಲ, ಪಶ್ಚಾತ್ತಾಪವೂ ಅಲ್ಲ; ಸಿಟ್ಟು. ಸತ್ತ ಮೇಲೂ ಮುದುಕ ತನ್ನ ಕೆಲಸದಲ್ಲಿ ಹುಳುಕು ಹುಡುಕಿ ಗುರುತು ಹಾಕಿಟ್ಟಿದ್ದಾನೆ ಎನಿಸಿತು. ಆ ದಿನ ನೆರಳು ನಿಂತಲ್ಲಿಂದ ಕೆಳಗಿಳಿದಿತ್ತು. ಕಾಲು ತೊಳೆಯಲು ಕೂತಿರಬೇಕು ಎಂದುಕೊಂಡಿದ್ದ. ನಿಜವಾಗಿ ಹಾಗೆ ಅಂದುಕೊಂಡಿದ್ದೆನೆ? ಟಕ್ ಎಂದಾಗ, ಕಾಯಲಿ ಸ್ವಲ್ಪ, ಎಂದುಕೊಂಡದ್ದು ಮಾತ್ರ ನಿಜ. ಒಗೆದ ಟವಲಿನ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಮೊದಲು ಇದನ್ನೇ ಅಳಿಸಬೇಕು. ಬೇಸಿಗೆಯಲ್ಲಿ ದೇವನಹಳ್ಳಿ ಕಡೆಯ ಕಪ್ಪು ದ್ರಾಕ್ಷಿ ತರಿಸಿ ಅತ್ತೆ ಭರಣಿಯಲ್ಲಿ ಹುಳಿ ಹಾಕಿ ಬಾಟಲಿಗೆ ತುಂಬಿಟ್ಟ ಸಿರ್ಕಾ ಅಡಿಗೆಮನೆಯ ಮೇಲಟ್ಟದಲ್ಲಿತ್ತು. ಆಮ್ಲಕ್ಕೆ ಸುಣ್ಣ ಕರಗುತ್ತದೆ, ಇಷ್ಟು ತಿಳಿಯಲು ಡಿಗ್ರಿ ಬೇಕಿಲ್ಲ. ಕುಬ್ರಾ ಹಿತ್ತಲಲ್ಲಿ ಕಲ್ಲಿನ ಮೇಲೆ ಬಟ್ಟೆ ಬಡಿಯುತ್ತಿದ್ದಳು. ಅವನು ಸದ್ದಿಲ್ಲದೆ ಒಂದು ಬಾಟಲಿ ಇಳಿಸಿಕೊಂಡು ಬಂದು ಚಿಂದಿಗೆ ಸುರಿದು ಪರೀಕ್ಷೆಗೆಂದು ಮೇಲೊಂದು ಮೂಲೆಗೆ ಒತ್ತಿದ. ಸುಣ್ಣ ಸಣ್ಣಗೆ ನೊರೆಯಾಡಿತು. ದ್ರಾಕ್ಷಿಯ ಕೆಂಪು ನೀರು ಬಿಳಿಯ ಮೇಲೆ ಗೆರೆಯಾಗಿ ಇಳಿಯಿತು. ಒರೆಸಿದಲ್ಲಿ ಒಂದು ಕಿಟಕಿ ತೆರೆದ ಹಾಗೆ ಆಯಿತು. ಚಿಂದಿಗೆ ಇನ್ನಷ್ಟು ಸುರಿದುಕೊಂಡು ಅವನು ಕೆಳಗೆ ಕೂರುತ್ತಿದ್ದಂತೆ ಬಾಗಿಲಲ್ಲಿ ಬಿಳಿ ದುಪಟ್ಟಾ ಕಾಣಿಸಿತು.

"ಏನದು ವಾಸನೆ," ಎಂದಳು ಜಹೀರಾ ಬೀ. ಬಾಟಲಿ ನೋಡಿದಳು. "ಸಿರ್ಕಾನಾ? ಪೈಗಂಬರ್ ಹುಜೂರ್ ಪಾಕ್ ರೊಟ್ಟಿಗೆ ನೆಂಚ್ಕೊಂಡು ತಿಂದಿದ್ದು, ಸಿರ್ಕಾ ಇರೋ ಮನೇಲಿ ಬಡತನ ಇರಲ್ಲ ಅಂದಿದ್ದು. ಅದನ್ನ ತಂದು ಗುಸಲ್‌ಖಾನೆಗೆ ಸುರೀತೀಯ? ಅಲ್ಲಿ ಪಾಯಿಖಾನೆ, ಇಲ್ಲಿ ಸಿರ್ಕಾ. ನಿಮ್ಮನೇಲಿ ಇಷ್ಟೂ ಹೇಳ್ಕೊಟ್ಟಿಲ್ವ?"

"ಆಮ್ಲ ಬೇಕಮ್ಮೀ, ಸುಣ್ಣ ಕರಗೋಕೆ. ಅದಕ್ಕೇ—"

"ನನಗೆ ಪಾಠ ಬೇಡ. ಅವ್ರು ಇದ್ದಿದ್ರೆ ಮುಟ್ತಿದ್ದೆಯಾ? ದಿನಾ ಊಟಕ್ಕೆ ಒಂದು ಚಮಚ ಹಾಕ್ಕೊಳ್ತಿದ್ರು. ಅವ್ರು ಹೋದ್ರು, ಅವ್ರ ಸಿರ್ಕಾ ಬಚ್ಚಲಿಗೆ. ತೊಳಿ ಅದನ್ನ. ಮೊದ್ಲು ನೀರಾಕಿ ತೊಳಿ, ಆ ಬಾಟ್ಲಿ ಇಲ್ಲಿ ಕೊಡು."

ಅವಳು ಎರಡೂ ಕೈಯಿಂದ ಬಾಟಲಿ ಈಸಿಕೊಂಡು ದುಪಟ್ಟಾದ ಅಂಚಿನಿಂದ ಅದರ ಮೈ ಒರೆಸಿದಳು, ಮಗುವಿನ ಮೂತಿ ಒರೆಸುವ ಹಾಗೆ. ಅವನು ಒದ್ದೆ ಮೂಲೆಗೆ ಮಗ್ಗಿನಲ್ಲಿ ನೀರು ಹುಯ್ದ. ಅವಳು ಕದಲಲಿಲ್ಲ. ಅವಳ ಎದುರು ಕೆಳಗಿನ ಭಾಗಕ್ಕೆ ಕೈ ಹಾಕಲು ಧೈರ್ಯ ಬರಲಿಲ್ಲ. ಅಲ್ಲಿಗೆ ನೀರು ಸಿಡಿಯದ ಹಾಗೆ ಅವನೇ ಕಾಲು ಅಡ್ಡ ಇಟ್ಟುಕೊಂಡ. "ನಿಂಬೆಹಣ್ಣು ತಗೊಂಬಾ ಹೋಗು," ಎಂದಳು. "ಅದೂ ಹುಳಿನೇ ತಾನೆ. ಹಾಗೇ ಬಿರಿಯಾನಿಗೆ ಪುದೀನ. ಹೋಗು, ನಾನು ಇಲ್ಲೇ ಇರ್ತೀನಿ." ಬಾಗಿಲು ಎಳೆದುಕೊಂಡು ಅವನು ಹೊರಟ. ಅಲ್ಲಿ ಹಾಕಲು ಹೊರಗಿನಿಂದ ಚಿಲಕವಿರಲಿಲ್ಲ.

ಆರ್.ಟಿ. ನಗರದ ಮಾರುಕಟ್ಟೆಯಿಂದ ಎರಡು ಡಜನ್ ನಿಂಬೆಹಣ್ಣಿನ ಚೀಲದೊಡನೆ ತಿರುಗಿ ಬರುವಾಗ ಬೀದಿಯ ತಿರುವಿನಲ್ಲಿ ಲಕ್ಕಣ್ಣ ತನ್ನ ಮನೆಯ ಜಗಲಿಯ ಮೇಲೆ ಕೂತಿದ್ದ. ಈ ಬೀದಿಯೆಲ್ಲ ಒಂದು ಕಾಲಕ್ಕೆ ಅವನ ರಾಗಿ ಹೊಲ. ಸೈಟು ಮಾಡಿ ಮಾರಿದ ಮೇಲೂ ಹೊಲ ಕಾಯುವವನ ಹಾಗೆ ಹೋಗಿ ಬರುವವರನ್ನೆಲ್ಲ ತಡೆದು ನಿಲ್ಲಿಸುತ್ತಿದ್ದ.

"ಏನ್ ಸಾಯೇಬ್ರೇ, ಇಷ್ಟೊಂದ್ ನಿಂಬೆಅಣ್ಣು? ಯಾರ್ಗ್ ದೃಷ್ಟಿ ತೆಗೀತೀರ?"

"ಬಚ್ಚಲಿನ ಗಾಜಿಗೆ. ಸುಣ್ಣ ಕಟ್ಟಿದೆ."

"ಕಟ್ದೆ ಏನ್ ಮಾಡ್ತದೆ. ನಮ್ ಬಾವಿ ನೀರು ಎಳನೀರಿದ್ದಂಗಿತ್ತು. ಅದ್ನ ಮುಚ್ಚಿ ಇನ್ನೂರಡಿ ಬೋರ್ ಒಡ್ಸಿದ್ರು ನಿಮ್ ಮಾವ. ಒಳಗಿಂದ ಸುಣ್ಣ ಬಂತು. ಓಟೆಲ್ ಒಡೆದಾಗ ತಂದ ಗಾಜಂತೆ, ನನ್ನ ಕರ್ದು ತೋರ್ಸಿದ್ರು. ನೋಡೋ ಲಕ್ಕಣ್ಣ, ರಾಜ್ರು ಸ್ನಾನ ಮಾಡೋ ಬಚ್ಲು ಅಂತ." ಲಕ್ಕಣ್ಣ ಎಲೆಅಡಿಕೆ ಉಗಿದು ಬಾಯೊರೆಸಿಕೊಂಡ. "ಅವ್ರು ಓದ್ಮೇಲೆ ಬೀದಿನೇ ತಣ್ಣಗಾಯ್ತು ಕಣ್ರೀ. ಬೆಳಿಗ್ಗೆ ನಮ್ ಗೇಟ್ ಬಡಿಯೋರು, ಆ ಉಂಗ್ರದ ಬೆಳ್ಳಾಗೆ. ಬೀದಿ ಕೊನೆಗಂಟ ಕೇಳ್ಸೋದು. ಎಂಥಾ ನಿದ್ದೆಲಿದ್ರೂ ಎದ್ ಬರ್ಬೇಕು. ನಿಮ್ಗ್ ಗೊತ್ತಲ್ಲ, ಪಕ್ಕದಾಗೇ ಇದ್ದೋರು."

"ಗೊತ್ತು," ಎಂದ ಅನ್ವರ್. ಇವನು ಬೇಕೆಂದೇ ಹೇಳುತ್ತಿದ್ದಾನೆಯೆ? ಲಕ್ಕಣ್ಣನ ಮುಖದಲ್ಲಿ ಬಿಸಿಲಿಗೆ ಕಿರಿದಾದ ಕಣ್ಣು ಬಿಟ್ಟರೆ ಏನೂ ಇರಲಿಲ್ಲ. ಎಲ್ಲರ ಮಾತೂ ಈಗ ಹೀಗೇ ಎರಡು ಅಲಗಿನದಾಗಿತ್ತು. ಮೊನ್ನೆ ಅಂಗಡಿಗೆ ಬಂದ ಚಿಕ್ಕಪ್ಪ, "ನೀನು ಎಷ್ಟು ಹತ್ತಿರ ಕೂತಿದ್ದೆ?" ಎಂದು ಕೇಳಿದಾಗ ಕೈಯಲ್ಲಿದ್ದ ಬಿಲ್ ಪುಸ್ತಕ ಬೆವೆತಿತ್ತು. ಎರಡು ಗೇಣು ಎಂಬುದು ನಿಜವಾದ ಉತ್ತರ. ಬಾಗಿಲಿನ ಹತ್ತಿರ ಎಂದಿದ್ದ. ಜಕ್ಕೂರಿನಿಂದ ಹಾರಿ ಬಂದ ತರಬೇತಿ ವಿಮಾನವೊಂದು ತಲೆಯ ಮೇಲೆ ಗೊರಗುಟ್ಟುತ್ತ ಸುತ್ತಿ ಹೋಯಿತು. ಚೀಲ ಭಾರವಲ್ಲದಿದ್ದರೂ ಅವನು ಎರಡು ಕಡೆ ನಿಂತು ಕೈ ಬದಲಿಸಿದ. ಪುದೀನ ಮರೆತದ್ದು ಮನೆಯ ಗೇಟಿನಲ್ಲಿ ನೆನಪಾಗಿ, ಮತ್ತೆ ಮಾರುಕಟ್ಟೆಗೆ ಹೋಗಿ, ತರುವಷ್ಟರಲ್ಲಿ ಮಧ್ಯಾಹ್ನದ ಜೊಹರಿನ ಅಜಾನ್ ಆಗಿಹೋಗಿತ್ತು. ಮರೆತದ್ದು ಬೇಕೆಂದೇ ಇರಬೇಕು. ತಾನಿಲ್ಲದಾಗ ಏನಾಗುವುದಿದೆಯೋ ಅದು ಆಗಿಬಿಡಲಿ ಎಂಬ ಆಸೆಯೊಂದು ಅವನೊಳಗೆ ಹೇಡಿಯ ಹಾಗೆ ಮೂಲೆಯಲ್ಲಿ ಕೂತಿತ್ತು.

ಮನೆ ಊಟ ಮುಗಿಸಿ ನಿಶ್ಶಬ್ದವಾಗಿತ್ತು. ಅತ್ತೆ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು, ತಸ್ಬೀಹ್‌ನ ಮಣಿಸರ ಬೆರಳಿಗೆ ಸಿಕ್ಕಿಕೊಂಡೇ ಇತ್ತು. ಬಚ್ಚಲುಮನೆಯ ಬಾಗಿಲು ತೆರೆದಿತ್ತು. ಕುಬ್ರಾ ಗಾಜಿನ ಒಳಗೆ ಕುಕ್ಕುರುಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಪೊರಕೆ, ಸೀಮೆಎಣ್ಣೆ ಹಾಕಿದ ನೀರು. ನೆಲ ಪೂರ್ತಿ ಉಜ್ಜಿ ಆಗಿತ್ತು. ಅವಳು ಏನನ್ನೂ ಉಜ್ಜುತ್ತಿರಲಿಲ್ಲ. ಎಡಗೈಯ ತೋರುಬೆರಳಿನಿಂದ ಆ ಚಕ್ಕೆಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದಳು, ಕುರುಡರು ಮುಟ್ಟಿ ಓದುವ ಹಾಗೆ.

"ನಿಂಬೆಹಣ್ಣು ತಂದೆ," ಎಂದ.

"ಇದೇನು?"

"ಯಾವುದು?"

"ಇದು." ಅವಳು ತಿರುಗಲಿಲ್ಲ. "ಮೇಲಿರೋದು ಗೊತ್ತು. ಟವಲಿಗೆ ಬಡೀತಿದ್ದಿದ್ದು. ಇಲ್ಲಿ ಯಾಕೆ ಬಡಿದ್ರು? ಅಬ್ಬಾ ಯಾವತ್ತೂ ಕೂತು ಸ್ನಾನ ಮಾಡಿದೋರಲ್ಲ. ಮಂಡಿ ಮಡಿಸೋಕೆ ಆಗ್ತಿರ್ಲಿಲ್ಲ. ನಮಾಜನ್ನೂ ಕುರ್ಚಿ ಮೇಲೆ ಮಾಡ್ತಿದ್ರು."

"ಹಳೇದಿರ್ಬೇಕು. ಬಕೆಟ್ ತಗಲಿರುತ್ತೆ."

ಅವಳು ಬಲಗೈ ಎತ್ತಿದಳು. ಅಬ್ಬಾನ ಅಕೀಕ್ ಉಂಗುರ, ಮಣ್ಣಿಗೆ ಮುಂಚೆ ಮಯ್ಯತ್ತಿಗೆ ಸ್ನಾನ ಮಾಡಿಸುವಾಗ ಬಿಚ್ಚಿದ್ದು; ಸಡಿಲವಾಗದಂತೆ ಹಿಂದೆ ದಾರ ಸುತ್ತಿ ಅವಳೇ ಹಾಕಿಕೊಂಡಿದ್ದಳು. ಅದರ ಕಲ್ಲಿನ ಮೂಲೆಯನ್ನು ಒಂದು ಚಕ್ಕೆಯೊಳಗೆ ಇಟ್ಟಳು. ಕೂತಿತು. ಇನ್ನೊಂದರೊಳಗೆ ಇಟ್ಟಳು. ಅನ್ವರ್ ಚೀಲವನ್ನು ನೆಲಕ್ಕಿಟ್ಟ. ಒಂದು ನಿಂಬೆಹಣ್ಣು ಉರುಳಿ ಹೋಗಿ ನೀರಿನ ಜಾಲರಿಯ ಹತ್ತಿರ ನಿಂತಿತು. ಒಳಗೆ ಹೋಗಿ ಒಂದೇ ಸಲಕ್ಕೆ ಎಲ್ಲ ಒರೆಸಿಬಿಡಬೇಕು, ಅಥವಾ ಅವಳನ್ನು ಎಬ್ಬಿಸಿ ಹಿಡಿದುಕೊಳ್ಳಬೇಕು ಎನಿಸಿತು. ಎರಡಕ್ಕೂ ಕೈ ಬರಲಿಲ್ಲ. ಡಾಕ್ಟರು ಹೇಳಿದ್ದಾರಲ್ಲ, ಎನ್ನಬೇಕೆಂದುಕೊಂಡ. ಅವಳೇ ಅಂದಳು, "ಡಾಕ್ಟರು ಆನ್ ದಿ ಸ್ಪಾಟ್ ಅಂದ್ರು." ಅಷ್ಟೇ ಹೇಳಿ ಎದ್ದು ನಿಂತಳು. ಅವಳ ಮುಖ ಏನನ್ನೂ ಕೇಳುತ್ತಿರಲಿಲ್ಲ. ಅಳತೆ ಹಾಕುವವರ ಮುಖ. ಗಾಜು ಕತ್ತರಿಸುವ ಮುಂಚೆ ಅವಳಪ್ಪನ ಮುಖ ಹೀಗೆ ಆಗುತ್ತಿತ್ತು.

"ಆ ಸ್ಟೂಲ್ ಎಲ್ಲಿತ್ತು?"

"ಬಾಗಿಲ ಹತ್ರ."

"ಇಲ್ಲ. ಇಲ್ಲಿತ್ತು. ನಾನೇ ದಿನಾ ಒರೆಸ್ತಿದ್ದೆ, ಕಾಲಿನ ಗುರುತು ನೆಲದ ಮೇಲಿದೆ." ಹೊರಗೆ ಬಂದು ಗೋಡೆಗೆ ತಳ್ಳಿದ್ದ ಸ್ಟೂಲನ್ನು ಎಳೆದು ಗಾಜಿಗೆ ಎರಡು ಗೇಣಿನಲ್ಲಿ ಇಟ್ಟಳು. ಹಗ್ಗದ ಮೇಲಿದ್ದ ಟವಲನ್ನು ತಂದು ಅವನ ಕೈಗೆ ಕೊಟ್ಟಳು. "ಕೂತ್ಕೊಳ್ಳಿ."

"ಏನ್ ಮಾಡ್ತಿದೀಯ ಕುಬ್ರಾ. ಅಮ್ಮೀ ಮಲಗಿದಾರೆ."

"ಕೂತ್ಕೊಳ್ಳಿ ಅಂದೆ."

ಅವನು ಕೂತ. ಅವಳು ಒಳಗೆ ಹೋಗಿ ಗಾಜಿನ ಬಾಗಿಲು ಹಾಕಿಕೊಂಡಳು. ಉಟ್ಟ ಬಟ್ಟೆಯಲ್ಲೇ ಶವರನ್ನು ಪೂರ್ತಿ ತಿರುಗಿಸಿದಳು. ಕೊಳವೆಯಲ್ಲಿ ಒಂದು ತಿಂಗಳ ಗಾಳಿ ಕೆಮ್ಮಿ, ತುಕ್ಕಿನ ನೀರು ಉಗುಳಿ, ಆಮೇಲೆ ಜೋರಾಗಿ ಸುರಿಯತೊಡಗಿತು. ಸುಣ್ಣದ ಆಚೆಗೆ ಅವಳು ಒಂದು ನೆರಳಾದಳು. ನೆರಳು ಮೆಲ್ಲಗೆ ಕೆಳಗಿಳಿಯಿತು. ಕಾಣುತ್ತಿತ್ತು. ತಲೆ ಎಲ್ಲಿದೆ, ಗೋಡೆಗೆ ಒರಗಿದ ಭುಜ ಎಲ್ಲಿದೆ, ಎತ್ತಿದ ಕೈ ಎಲ್ಲಿದೆ, ಎಲ್ಲ ಕಾಣುತ್ತಿತ್ತು. ಮುಖವೊಂದು ಕಾಣುತ್ತಿರಲಿಲ್ಲ ಅಷ್ಟೆ. ಟಕ್. ಸ್ವಲ್ಪ ತಡೆದು, ಟಕ್ ಟಕ್. ಸದ್ದು ನೀರಿನೊಳಗಿಂದ ಎದ್ದು ನೇರ ಅವನ ಹಲ್ಲಿಗೆ ಬಂದು ತಾಗಿತು. ಅವಳು ಒಳಗಿಂದ ಏನನ್ನೂ ಕೇಳಲಿಲ್ಲ. ಕೇಳಿಸ್ತಾ ಎಂದು ಒಂದು ಮಾತು ಅಂದಿದ್ದರೆ ಇಲ್ಲ ಎನ್ನುವುದು ಸುಲಭವಿತ್ತು. ಆ ಮಾತು ನಾಲಗೆಯ ಮೇಲೆ ಸಿದ್ಧವಾಗಿಯೇ ಇತ್ತು, ತಗ್ಗಿದ ದನಿಯ ಸಮೇತ. ನೀರಿನ ಸದ್ದಲ್ಲಿ ಏನೂ ಕೇಳಿಸ್ತಿಲ್ಲ ಕುಬ್ರಾ. ಹೇಳಿಬಿಟ್ಟರೆ ಅವಳು ನಂಬಿದ ಹಾಗೆ ಮಾಡಬಹುದು. ನಾಳೆ ಜನ ಬರುತ್ತಾರೆ, ಬಿರಿಯಾನಿ ಬೇಯಬೇಕು, ನಂಬುವುದಕ್ಕೆ ಅವಳಿಗೂ ಕಾರಣಗಳಿದ್ದವು. ಟಕ್. ಟಕ್. ಟಕ್. ಅವನು ಬಾಯಿ ತೆರೆದ.

"ಆ ಟವಲ್ ಕೊಡಬಾರ್ದೇನೋ ಅವ್ರಿಗೆ," ಎಂದಿತು ಪಕ್ಕದ ಕೋಣೆಯಿಂದ ಜಹೀರಾ ಬೀಯ ದನಿ. ನಿದ್ದೆಯಲ್ಲಿ ಮುಳುಗಿದ್ದ ದನಿ. ಅದರಲ್ಲಿ ಸಿಟ್ಟಿರಲಿಲ್ಲ, ಬೇಸರ ಮಾತ್ರ ಇತ್ತು. "ಆಗಿಂದ ಬಡೀತಾನೇ ಇದಾರೆ."

ಬಡಿತ ನಿಂತಿತು. ಗೋಡೆ, ಪರದೆ, ಮಧ್ಯಾಹ್ನದ ನಿದ್ದೆ ಎಲ್ಲವನ್ನೂ ದಾಟಿ ಸದ್ದು ಅಲ್ಲಿಗೆ ಹೋಗಿತ್ತು. ಅವತ್ತೂ ಹೋಗಿತ್ತು. ಅವತ್ತು ಬೆಳಗ್ಗೆ ಅವಳು ಅದೇ ಮಂಚದ ಮೇಲೆ ತಸ್ಬೀಹ್ ಹಿಡಿದು ಕೂತಿದ್ದಳು. ಅಳಿಯ ಇದ್ದಾನೆ, ಕೊಡುತ್ತಾನೆ ಎಂದುಕೊಂಡು ಎದ್ದು ಬರಲಿಲ್ಲ. ಮೂವತ್ತೊಂಬತ್ತು ದಿನ ಅವಳು ಅವನನ್ನು ನೋಡಿದ ನೋಟ ಏನೆಂದು ಅನ್ವರನಿಗೆ ಈಗ ಒಂದೇ ಸಲಕ್ಕೆ ತಿಳಿಯಿತು. ತಿಳಿದಿದ್ದೂ ಯಾರಿಗೂ ಹೇಳದೆ ಉಳಿದದ್ದು ಯಾಕೆಂಬುದೂ ತಿಳಿಯಿತು. ಹೇಳಿದರೆ ತಾನು ಕೇಳಿಸಿಕೊಂಡದ್ದನ್ನೂ ಹೇಳಬೇಕಾಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. "ಯಾ ಅಲ್ಲಾ" ಎಂದು ಎಚ್ಚರದ ದನಿಯೊಂದು ಮೆಲ್ಲಗೆ ಅಂದಿತು. ಆಮೇಲೆ ಅಲ್ಲಿಂದ ಏನೂ ಕೇಳಿಸಲಿಲ್ಲ.

ಕುಬ್ರಾ ನೀರು ನಿಲ್ಲಿಸಿದಳು. ಬಾಗಿಲು ತೆರೆಯಲಿಲ್ಲ. ನೆರಳು ಎದ್ದು ನಿಲ್ಲಲೂ ಇಲ್ಲ, ಕೂತಲ್ಲೇ ಕೂತಿತ್ತು. ಬಟ್ಟೆಯಿಂದ ತೊಟ್ಟಿಕ್ಕುವ ನೀರು ಒಂದೊಂದೇ ಹನಿಯಾಗಿ ನೆಲಕ್ಕೆ ಬೀಳುತ್ತಿತ್ತು.

"ಎಷ್ಟು ಹೊತ್ತು?" ಎಂದಳು ಒಳಗಿಂದ.

ಅನ್ವರ್ ಮಡಿಲಲ್ಲಿದ್ದ ಟವಲನ್ನು ನೋಡಿದ.

"ಹೊತ್ತು ನೋಡ್ಲಿಲ್ಲ," ಎಂದ. "ಬಡಿತ ಎಣಿಸ್ತಾ ಇದ್ದೆ. ಐವತ್ತೆಂಟು."